ಚಿಕ್ಕಮಾದುನ ಟೀಸಿ

ಬ್ಲಫ್
7-10-1946

ಲೇ ನಜೀರ,

ಕ್ಷೇಮ ಗೀಮ ಎಲ್ಲ ಆಮ್ಯಾಕೆ. ನನ್ ಟೀಸಿ ಎಲ್ಲಿ?

ವರ್ತಕರ ಐಸ್ಕೂಲು ಬುಟ್ಟು ಎಂಟು ತಿಂಗ್ಳಾಯ್ತು. ಮೂರ್ ಸಲ ಮಳವಳ್ಳಿಗೆ ಬಂದು ಆಪೀಸ್ ಬಾಗ್ಲಲ್ಲಿ ನಿಂತಿದ್ದೀನಿ. ಗುಮಾಸ್ತ ಮೊದಲ್ನೇ ಸಲ "ಎಡ್ಮಾಸ್ಟ್ರಿಲ್ಲ" ಅಂದ. ಎರಡ್ನೇ ಸಲ "ಬೀಗದ ಕೈ ಇಲ್ಲ" ಅಂದ. ಮೂರ್ನೇ ಸಲ ಎಡ್ಮಾಸ್ಟ್ರೂ ಇದ್ರು, ಬೀಗದ ಕೈಯೂ ಇತ್ತು. ಆಗ "ತಪ್ಪಾಯ್ತು ಅಂತ ಬರ್ಕೊಡು" ಅಂದ. ಯಾವ್ ತಪ್ಪು ಸ್ವಾಮಿ ಅಂದ್ರೆ ಕನ್ನಡ್ಕದ ಮ್ಯಾಲಿಂದ ನೋಡ್ದ, ಎಮ್ಮೆ ನೋಡ್ದಂಗೆ.

ನಿಂಗೂ ಮರ್ತೋಗಿದ್ರೆ ಕೇಳ್ಕೊ. ಆಟದ ದಿನ ಒಂದ್ ಮೈಲಿ ಓಟದಲ್ಲಿ ಪಟೇಲನ ಮಗ ಸಿದ್ದರಾಮು ಗೆರೆ ಮುಟ್ಟಿ ದಬ್ಬಕ್ ಅಂತ ಬಿದ್ದ. ಕಣ್ಣು ಮ್ಯಾಕೋಗಿತ್ತು. ಎಲ್ರೂ ಸುತ್ತ ನಿಂತ್ಕಂಡು "ನೀರು, ನೀರು" ಅಂತ ಕೂಗಿದ್ದೇ ಕೂಗಿದ್ದು, ಒಬ್ನಾರ ಅಲ್ಲಾಡ್ನಾ? ನಾನು ಓಡ್ದೆ. ಹೊಂಗೆ ಮರದಡೀಲಿ ತಾಮ್ರದ ಅಂಡೆ. ನಮ್ಮಂತೋರ ಬೊಗಸೆಗೆ ಮ್ಯಾಲಿಂದ ನೀರುಯ್ಯ ಜವಾನ ಮರಿಯಯ್ಯ ಕಾಪಿ ಕುಡಿಯಕ್ಕೋಗಿದ್ದ. ಚೊಂಬ ನಾನೇ ಅದ್ದಿ ತಂದು ಅವ್ನ ಮೊಕಕ್ಕೆ ಚೆಲ್ದೆ, ಬಾಯಿಗೆ ಬುಟ್ಟೆ. ಕಣ್ಬುಟ್ಟ. ಅಷ್ಟೇ ಕಣ್ಲಾ ನಾ ಮಾಡಿದ್ದು. ನೀನೂ ನನ್ ಪಕ್ಕದಲ್ಲೇ ನಿಂತಿದ್ದೆ.

ಆಮ್ಯಾಕೆ ಏನಾಯ್ತು? ಅಂಡೆ ನೀರೆಲ್ಲ ಚೆಲ್ಲಿ, ಉಣಸೆಹಣ್ಣಾಕಿ ಉಜ್ಜಿ, ಕಲಾಯಿಗೆ ನಿಮ್ಮಪ್ಪನ ತಾವ್ಕೆ ಕಳ್ಸಿದ್ರು. ಬಾಬು ಜಾನ್ ಸಾಬ್ರು ಬೆಂಕಿ ಮ್ಯಾಲಿಟ್ಟು ತವರ ಆಕಿ ತಿಕ್ಕಿಕೊಟ್ರು. ಅಲ್ಲಿಗೆ ಅಂಡೆ ಸುದ್ದವಾಯ್ತು. ನಿಮ್ಮಪ್ಪನ ಕೈ ಮೊಳಕೈಗಂಟ ಅದ್ರೊಳಗೋಗ್ಬೋದು. ಅದೇ ಅಂಡೆ ನೀರ ಮರಿಯಯ್ಯ ನಿಂಗೂ ಮ್ಯಾಲಿಂದ್ಲೇ ಉಯ್ತಾನೆ. ಯೋಚ್ನೆ ಮಾಡಿದ್ದೀಯೇನ್ಲಾ ಯಾವತ್ತಾರ?

ತಪ್ಪಾಯ್ತು ಅನ್ನು ಅಂದ್ರು, ಅನ್ನಲಿಲ್ಲ. ಡ್ರಿಲ್ ಮೇಷ್ಟ್ರು ಮೀನಖಂಡಕ್ಕೆ ಬೆತ್ತದಲ್ಲಿ ಬಾರ್ಸುದ್ರು. ಅವತ್ತೇ ಬುಟ್ಟೆ. ಬೇಸ್ರ ಇಲ್ಲ. ಆದ್ರೆ ಟೀಸಿ ಬೇಕು. ಇಲ್ಲಿ ಬ್ಲಫಲ್ಲಿ ಕರೆಂಟ್ ಉಟ್ಸ ಮನೆ ಕೆಳಗೆ ಕಣಿವೇಲದೆ. ಜನ ಟ್ರಾಲೀಲಿ ಇಳೀತಾರೆ. ಆ ಟ್ರಾಲಿ ಎಳ್ಯ ಉಕ್ಕಿನ ಅಗ್ಗಕ್ಕೆ ಗ್ರೀಸ್ ಬಳ್ಯದು ನನ್ ಕ್ಯಾಮೆ. ಮಾರ್ಚಿಗೆ ವರ್ಕ್‌ಶಾಪಲ್ಲಿ ಫಿಟ್ಟರ್ ಕೆಲ್ಸ ಕಲಿಯಕ್ಕೆ ನಾಕ್ ಜನ ಹುಡುಗ್ರನ್ನ ತಕ್ಕತ್ತಾರಂತೆ. ಮೇಸ್ತ್ರಿ ತಿಮ್ಮಯ್ಯ ಯೋಳ್ದ: "ಐದ್ನೇ ಫಾರಂ ಓದಿದ್ದೀಯ ಅನ್ನೋ ಕಾಗ್ದ ತಾ. ನಡತೆ ಒಳ್ಳೇದು ಅಂತ ಅದ್ರಲ್ಲಿರ್ಬೇಕು. ಇಲ್ದಿದ್ರೆ ಸಾಯಗಂಟ ಗ್ರೀಸೇ ಮಗ್ನೆ."

ನನ್ ಮ್ಯಾಲೆ ಎಡ್ಮಾಸ್ಟ್ರಿಗೆ ಇಲ್ಲಸಲ್ಲದ್ದು ಬರ್ಕೊಟ್ಟೋನು ಆ ಸಿದ್ದರಾಮುನೇ ಅಂತ ನಂಗೊತ್ತು. ಜೀವ ಉಳ್ಸಿದ್ದಕ್ಕೆ ಕೂಲಿ. ನೀ ಕಣ್ಣಲ್ಲಿ ನೋಡ್ದೋನು. ಎಡ್ಮಾಸ್ಟ್ರ ತಾವ್ಕೋಗಿ ನಿಜ ಯೋಳು, ಟೀಸಿ ಈಸ್ಕಂಡು ಕಳ್ಸು.

ಚಿಕ್ಕಮಾದು


ಮಳವಳ್ಳಿ
15-10-1946

ಪ್ರಿಯ ಗೆಳೆಯ ಚಿಕ್ಕಮಾದುಗೆ ನಜೀರ್ ಅಹ್ಮದ್ ಮಾಡುವ ವಂದನೆಗಳು.

ನಿನ್ನ ಕಾಗದ ಬಂತು. ಅಪ್ಪನಿಗೆ ಓದಿ ಹೇಳ್ಲಿಲ್ಲ. ಹಂಡೆ ವಿಚಾರ ಬರೆದಿದ್ದೀಯಲ್ಲ, ನೊಂದ್ಕೋತಾರೆ.

ಹೆಡ್ಮಾಸ್ಟ್ರು ರಜದ ಮೇಲೆ ಮೈಸೂರಿಗೆ ಹೋಗಿದ್ದಾರೆ. ಬಂದ ಮೇಲೆ ಖಂಡಿತ ಕೇಳ್ತೀನಿ. ಸಿದ್ದರಾಮು ವಿಚಾರ ಈಗ ಕೆದಕೋದು ಬೇಡ. ಯಾರು ಬರೆದುಕೊಟ್ರು ಅನ್ನೋದರಿಂದ ನಿನಗೆ ಏನೂ ಸಿಕ್ಕೋದಿಲ್ಲ.

ಇಲ್ಲಿನ ಸಮಾಚಾರ ಕೇಳು. ಈ ವರ್ಷ ನಾನು ವಿದ್ಯಾರ್ಥಿ ಸಂಘದ ಸೆಕ್ರೆಟರಿ. ಮದ್ದೂರಿನ ಹುಡುಗರ ಮೇಲೆ ವಾಲಿಬಾಲ್ ಗೆದ್ವಿ. ನೀನಿದ್ದಿದ್ರೆ ಎರಡೇ ಆಟಕ್ಕೆ ಮುಗೀತಿತ್ತು, ನೀನಿಲ್ಲದ್ದಕ್ಕೆ ಮೂರಾಯ್ತು. ಕೈಬರಹದ ಪತ್ರಿಕೆ ಮಾಡ್ತಿದ್ದೀವಿ, ನನ್ನ ಅಕ್ಷರ ದುಂಡಗಿದೆ ಅಂತ ಪೂರ್ತಿ ನನ್ನ ಕೈಲೇ ಬರೆಸ್ತಾರೆ. ಬೆರಳು ಬಾತುಹೋಗಿವೆ.

ಇನ್ನೊಂದು ದೊಡ್ಡ ವಿಷಯ. ಡಿಸೆಂಬರ್ ಏಳಕ್ಕೆ ಸಂಘದಿಂದ ಸಹಭೋಜನ ಇಟ್ಕೊಂಡಿದ್ದೀವಿ. ಎಲ್ಲಾ ಜಾತಿಯವರೂ ಒಂದೇ ಪಂಕ್ತಿ. ಮೈಸೂರಿಂದ ಖಾದಿ ಮುಖಂಡರೊಬ್ಬರು ಬರ್ತಾರೆ, ಮಂಡ್ಯದಿಂದ ಫೋಟೋದವನು ಬರ್ತಾನೆ. ಹರಿಜನ ವಿದ್ಯಾರ್ಥಿಯೇ ಬಡಿಸಬೇಕು ಅಂತ ಠರಾವಾಗಿದೆ. ಆದ್ರೆ ಈಗ ಶಾಲೇಲಿ ನಿಮ್ಮೋರು ಯಾರೂ ಇಲ್ಲ. ನೀನೇ ಕೊನೆಯವನು. ಒಂದು ದಿನದ ಮಟ್ಟಿಗೆ ಬಂದು ಬಡಿಸ್ತೀಯಾ? ಬಿಳಿ ಅಂಗಿ ನಾನು ಕೊಡ್ತೀನಿ.

ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ.

ನಿನ್ನ
ನಜೀರ್


ಬ್ಲಫ್
18-10-1946

ಸೆಕ್ರೆಟರಿ ಸಾಹೇಬ್ರೆ,

ನಿಮ್ ಕಾಗ್ದ ಮೇಸ್ತ್ರಿ ತಿಮ್ಮಯ್ಯಂಗೆ ಓದುದ್ರೆ ಬಿದ್ದೂ ಬಿದ್ದೂ ನಕ್ಕ. "ಮದ್ವೆಗೆ ಗ್ಯಾಸ್‌ಲೈಟು ಬಾಡ್ಗೆಗೆ ತತ್ತಾರೆ, ವಾಲಗದೋರ್ನ ಬಾಡ್ಗೆಗೆ ತತ್ತಾರೆ. ಕೇರಿ ಹುಡುಗನ್ನ ಬಾಡ್ಗೆಗೆ ತರದು ಇದೇ ಮೊದ್ಲು ಕಂಡೆ" ಅಂದ.

ಓದಕ್ಕೆ ಬ್ಯಾಡ, ಬಡ್ಸಕ್ಕೆ ಬೇಕೇನ್ಲಾ ಬಡ್ಡೈದ್ನೆ? ಅಂಡೇಲಿ ಚೊಂಬ ಅದ್ದಿದ್ದಕ್ಕೆ ಬೆತ್ತ ಮುರ್ಯಂಗೆ ಬಡುದ್ರಿ. ಈಗ ಅನ್ನದ್ ತಪ್ಲೇಲಿ ಕೈ ಆಕು ಬಾ ಅಂತೀರಿ. ಅನ್ನಕ್ಕೆ ಕಲಾಯಿ ಎಲ್ಲಿ ಆಕುಸ್ತೀರಿ? ತಿಂದೋರ ಹೊಟ್ಟೆಗೋ?

ವಾಲಿಬಾಲ್ ಕತೆ ಕೇಳುದ್ನಾ ನಾನು? ಪತ್ರಿಕೆ ಕತೆ ಕೇಳುದ್ನಾ? ಎಡ್ಮಾಸ್ಟ್ರುಗೆ ನಿಜ ಯೋಳು ಅಂದೆ. ಅದಕ್ಕೆ "ಕೆದಕ ಬ್ಯಾಡ" ಅಂತೀಯ. ನಿಂಗೇನ್ಲಾ ಅಷ್ಟು ಬಯ? ಸಿದ್ದರಾಮುನ ಅಪ್ಪ ಪಟೇಲ ಅಂತಾನಾ? ನಾವಿಬ್ರೂ ಮೂರ್ ವರ್ಷ ಒಂದೇ ಬೆಂಚಲ್ಲಿ ಕೂತಿದ್ದೋರು, ಅದೂ ಕಡೇ ಬೆಂಚಲ್ಲಿ. ನಂ ಮುದ್ದೆ ನೀ ತಿಂದಿದ್ದೀಯ, ನಿಮ್ಮವ್ವ ಕೊಟ್ಟ ರೊಟ್ಟಿ ನಾ ತಿಂದಿದ್ದೀನಿ. ಅದಕ್ಕೆ ಯಾವ ಫೋಟೋದವ್ನೂ ಬಂದಿರ್ನಿಲ್ಲ.

ನಾ ಬರಲ್ಲ. ಟೀಸಿ ಕಳ್ಸು.

ಚಿಕ್ಕಮಾದು


ಮಳವಳ್ಳಿ
24-11-1946

ಪ್ರಿಯ ಚಿಕ್ಕಮಾದು,

ಒಂದು ತಿಂಗಳಿಂದ ಬರೀಲಿಲ್ಲ ಅಂತ ಬೈಬೇಡ. ಪರೀಕ್ಷೆ ಫಾರಂ ತುಂಬೋ ಗಲಾಟೆ. ಹೆಡ್ಮಾಸ್ಟ್ರ ರುಜು ಇಲ್ಲದೆ ಯಾರ ಎಸ್ಸೆಲ್ಸಿ ಫಾರಮ್ಮೂ ಮುಂದಕ್ಕೆ ಹೋಗೋಲ್ಲ.

ಅವರ ಹತ್ತಿರ ಮಾತಾಡ್ದೆ. ಒಪ್ಪಿದ್ದಾರೆ. ನೀನು ಏಳನೇ ತಾರೀಖು ಬಂದು ಬಡಿಸಿದ್ರೆ ಅವತ್ತೇ ಟೀಸಿ ಕೈಗೆ ಕೊಡ್ತಾರೆ. ಒಂದೇ ಒಂದು ಷರತ್ತು, ಎರಡು ಸಾಲು ಬರೆದುಕೊಡ್ಬೇಕು. ನಿನಗೆ ಕಷ್ಟ ಬೇಡ ಅಂತ ಒಕ್ಕಣೆ ನಾನೇ ಮಾಡಿದ್ದೀನಿ. ನಿನ್ನ ಕೈಲಿ ನಕಲು ಮಾಡಿ ತಂದ್ರೆ ಸಾಕು:

"ಕ್ರೀಡಾ ದಿನದಂದು ನಾನು ಬೇಕೆಂದೇ ಶಾಲೆಯ ನೀರಿನ ಹಂಡೆಯನ್ನು ಮುಟ್ಟಿ, ಎಲ್ಲರ ಮನಸ್ಸನ್ನು ನೋಯಿಸಿದ್ದು ತಪ್ಪೆಂದು ಒಪ್ಪಿಕೊಂಡು ಕ್ಷಮೆ ಬೇಡುತ್ತೇನೆ."

ಕೋಪ ಮಾಡ್ಕೋಬೇಡ. ಕಾಗದ ಅಷ್ಟೇ. ಯಾರು ಓದ್ತಾರೆ?

ನಜೀರ್


ಬ್ಲಫ್
27-11-1946

ನಜೀರ,

"ಬೇಕೆಂದೇ." ಈ ಮಾತ ನೀನೇ ಬರದ್ಯಾ? ನಿನ್ ಕೈಲೇ?

ನಿನ್ ಒಕ್ಕಣೆ ಅರ್ದು ಬೀಡಿ ಅಂಟ್ಸಕ್ಕೆ ಕೊಟ್ಟೆ, ಟ್ರಾಲಿ ಆಳುಗಳು ಸೇದುದ್ರು. ತಪ್ಪೊಪ್ಗೆ ಬರ್ಯಲ್ಲ. ಸತ್ರೂ ಬರ್ಯಲ್ಲ.

ಆದ್ರೆ ಬತ್ತೀನಿ. ನಮ್ಮವ್ವ ಮುದ್ದಮ್ಮ ಎರಡು ದಿನ ಉಂಡಿಲ್ಲ. "ಬಡ್ಸುದ್ರೆ ನಿನ್ ಕೈ ಉದುರೋದದಾ ಮಗ? ಆ ಕಾಗ್ದ ಬಂದ್ರೆ ಮಿಷನ್ ಕೆಲ್ಸ, ಬರ್ದಿದ್ರೆ ಎಣ್ಣೆ ಮಡ್ಡಿ" ಅಂತಾಳೆ. ಅವ್ಳ ಬಾಯಿ ಮುಚ್ಚಕ್ಕಾದ್ರೂ ಬತ್ತೀನಿ. ಬಡ್ಸ್ತೀನಿ, ಟೀಸಿ ಇಸ್ಕತ್ತೀನಿ, ಮೂರ್ ಗಂಟೆ ಬಸ್ಸಿಗೆ ವಾಪಸ್ ಬತ್ತೀನಿ. ನಿನ್ ಬಿಳಿ ಅಂಗಿ ಬ್ಯಾಡ. ನಂದೇ ಅದೆ.

ಸಿದ್ದರಾಮುನ ಪಂಕ್ತೀಲಿ ಮೊದಲ್ನೇ ಎಲೆಗೆ ಕೂರ್ಸು. ನನ್ ಕೈಯಿಂದ ಅವ್ನು ಇನ್ನೊಂದು ಸಲ ತಕ್ಕಳದು ನೋಡ್ಬೇಕು.

ಚಿಕ್ಕಮಾದು


ಬ್ಲಫ್
9-12-1946

ಲೇ ನಜೀರ,

ಬಸ್ಸಲ್ಲಿ ಕೂತ್ಕಂಡು ಮೊದ್ಲು ನಕ್ಕೆ. ಆಮ್ಯಾಕೆ ಬ್ಲಫ್ ಬರಗಂಟ ಹಲ್ಲು ಕಡ್ಕಂಡು ಬಂದೆ. ಅವತ್ತು ಜನದ ಮುಂದೆ ಯೋಳಕ್ಕಾಗ್ದಿದ್ದ ಈಗ ಯೋಳ್ತೀನಿ.

ಅನ್ನದ್ ಬುಟ್ಟಿ ಇಡ್ಕಂಡು ಪಂಕ್ತಿ ಮುಂದೆ ನಿಂತೆ. ಇಪ್ಪತ್ತು ಎಲೆ, ಇಪ್ಪತ್ತು ಗಾಂಧಿ ಟೋಪಿ. ಪರವಾಗಿಲ್ವೆ, ನಂ ನಜೀರ ಗೌಡ್ರು, ಅಯ್ನೋರು, ಸೆಟ್ರ ಹುಡುಗ್ರನ್ನೆಲ್ಲ ಕೂರ್ಸವ್ನೆ ಅನ್ಕಂಡೆ. ಮೊದಲ್ನೇ ಎಲೆಗೆ ಬಗ್ಗುದ್ರೆ ಟೋಪಿ ಕೆಳಗೆ ಅಫ್ಸರ್ ಪಾಷಾ! ನಿಮ್ ಚಿಕ್ಕಪ್ಪನ ಮಗ! "ಸುಮ್ನಿರೋ ಮಾದು, ವಸಿ ಜಾಸ್ತಿ ಆಕು" ಅಂತ ಕಣ್ಣೊಡೀತಾನೆ. ಎರಡ್ನೇ ಎಲೆ, ಸೈಕಲ್ ಅಂಗ್ಡಿ ಹುಡುಗ. ಮೂರ್ನೇದು, ಲಾಡ ಕಟ್ಟೋರ ಮಗ. ನಾನು ಕೊನೇಗಂಟ ಟೋಪಿ ಬಗ್ಗಿ ನೋಡ್ಕಂಡೋದೆ. ಇಪ್ಪತ್ತಕ್ಕೆ ಇಪ್ಪತ್ತೂ ನಿಮ್ ಬೀದಿಯೋರೇ! ನಿಮ್ ಅಟ್ಟೀಲಿ ನಾ ಉಂಡಿಲ್ವಾ, ನನ್ನ ಕೈದು ನೀವು ಉಂಡಿಲ್ವಾ? ನಂಗೂ ನಿಮಗೂ ಸಹಭೋಜನ ಮಾಡಕ್ಕೆ ಮೈಸೂರಿಂದ ಮುಖಂಡ್ರು ಬರ್ಬೇಕಾ?

ಆ ಮುದ್ಕ ಮುಖಂಡ್ರು ಪಾಪ, ನಂಬುದ್ರು. ಅಫ್ಸರನ ಬೆನ್ನು ತಟ್ಟಿ "ಯಾವೂರಪ್ಪ, ಯಾರ ಮಗ?" ಅಂದ್ರು. ಬಡ್ಡೈದ ಒಂದೇ ಉಸ್ರಿಗೆ "ಕೊಪ್ಪದ ಗೌಡ್ರ ಮಗ ಸ್ವಾಮಿ" ಅಂದ. ಅಂದೋನು ತುತ್ತೆತ್ತಿ ಬಿಸ್ಮಿಲ್ಲಾ ಅಂದ್ಬುಟ್ಟ! ಮುದ್ಕಂಗೆ ಕಿವಿ ಮಂದ, ನೀ ಬದುಕ್ದೆ. ನಿಜವಾಗಿ ನನ್ನ ಕೈಯಿಂದ ಉಂಡೋರು ಅವ್ರೊಬ್ರೇ ಕಣ್ಲಾ. ಮೂರ್ ಸಲ ಸಾರು ಇಕ್ಕುಸ್ಕಂಡ್ರು. "ನಿನ್ನೆಸ್ರೇನಪ್ಪ" ಅಂತ ಕೇಳುದ್ರು. ನಿಮ್ ಐಸ್ಕೂಲಲ್ಲಿ ಅದನ್ನ ಯಾರೂ ಕೇಳಿರ್ನಿಲ್ಲ, "ಏಯ್" ಅಂತಿದ್ರು.

ಗೌಡ್ರು, ಸೆಟ್ರ ಹುಡುಗ್ರೆಲ್ಲ ಎಲ್ಲಿದ್ರು? ಹಾಸ್ಟೆಲ್ ಹಿಂದ್ಗಡೆ ಭಟ್ರ ಅಡ್ಗೆ ಉಂಡ್ಕಂಡು ಕಿಟಕೀಲಿ ನಗಾಡ್ತಿದ್ರು. ನೀ ಪಂಕ್ತಿ ತುದೀಲಿ ನಿಂತ್ಕಂಡು ಫೋಟೋದವ್ನಿಗೆ ಬೆಳಕು ತೋರುಸ್ತಿದ್ದೆ.

ಟೀಸಿ ಕೇಳುದ್ರೆ ಎಡ್ಮಾಸ್ಟ್ರು "ತಪ್ಪೊಪ್ಗೆ ಎಲ್ಲಿ?" ಅಂದ್ರು. ಇಲ್ಲ ಅಂದೆ. "ಅಂಗಾದ್ರೆ ಪೋಸ್ಟಲ್ಲಿ ಬತ್ತದೆ, ನಡಿ" ಅಂದ್ರು. ಮೂರ್ ಗಂಟೆ ಬಸ್ಸಿಗೆ ಬಂದೆ.

ಇನ್ನೊಂದು ಮಾತು. ಇದಕ್ಕೆ ಸರಿಯಾಗಿ ಉತ್ತರ ಕೊಡು.

ಬಸ್ ಸ್ಟ್ಯಾಂಡಲ್ಲಿ ಸಿದ್ದರಾಮು ಸಿಕ್ದ. ಕೊರಳಪಟ್ಟಿ ಇಡುದು "ನನ್ ಮ್ಯಾಲೆ ಯಾಕ್ಲಾ ಬರ್ಕೊಟ್ಟೆ" ಅಂದೆ. ಅವ್ನು ಬೆಪ್ಪಾಗಿ ನೋಡ್ದ. "ಲೋ ದಡ್ಡ, ನಂಗೆ ಜ್ಞಾನ ತಪ್ಪಿತ್ತು ಕಣೋ. ಜ್ಞಾನ ತಪ್ದೋನು ಎಂಗೋ ಸಾಕ್ಷಿ ಯೋಳ್ಲಿ? ನೀರು ಕುಡುಸ್ದೋನು ನೀನು ಅಂತಾನೂ ನಂಗೆ ಮಾರನೇ ದಿನ ಗೊತ್ತಾಗಿದ್ದು. ಹೋಗಿ ನಿನ್ ದೋಸ್ತನ್ನ ಕೇಳು, ದುಂಡು ಅಕ್ಷರದೋನ್ನ" ಅಂದ.

ಕಪಾಳಕ್ಕೊಂದು ಬಿಟ್ಟು ಬಂದೆ. ಸುಳ್ಳ ಬಡ್ಡೈದ. ಸುಳ್ಳು ತಾನೆ ನಜೀರ? ಒಂದೇ ಮಾತು ಬರಿ.

ಚಿಕ್ಕಮಾದು


ಬ್ಲಫ್
2-1-1947

ನಜೀರ,

ಇಪ್ಪತ್ನಾಕು ದಿನ ಆಯ್ತು. ನಾ ಕೇಳಿದ್ದು ಒಂದೇ ಮಾತು. ಪತ್ರಿಕೆ ತುಂಬ ಬರ್ಯ ಕೈಗೆ ಒಂದು ಮಾತು ಬರ್ಯಕ್ಕೆ ಬರ್ನಿಲ್ವಾ?

ಚಿಕ್ಕಮಾದು


ಮಳವಳ್ಳಿ
20-1-1947

ಚಿಕ್ಕಮಾದುಗೆ,

ಓದು ಜಾಸ್ತಿ ಇದೆ. ಅಮ್ಮನಿಗೆ ಜ್ವರ. ನಿನ್ನ ಟೀಸಿಯನ್ನ ಮೊನ್ನೆ ರಿಜಿಸ್ಟರ್ ಅಂಚೇಲಿ ವರ್ಕ್‌ಶಾಪ್ ವಿಳಾಸಕ್ಕೇ ಕಳಿಸಿದ್ದಾರೆ. ಮೇಸ್ತ್ರಿಗೆ ಕೊಡೋ ಮುಂಚೆ ನೀನು ಒಂದ್ಸಲ ನೋಡು. ಸಾಧ್ಯವಾದ್ರೆ ಕೊಡಬೇಡ.

ಸಂಘದ ಫೋಟೋ ಚೆನ್ನಾಗಿ ಬಂದಿದೆ. ಹೆಡ್ಮಾಸ್ಟ್ರ ರೂಮಿನಲ್ಲಿ ಕಟ್ಟು ಹಾಕಿಸಿ ತೂಗುಹಾಕಿದ್ದಾರೆ.

ನಜೀರ್


ಬ್ಲಫ್
29-1-1947

ನಜೀರ್ ಅಹ್ಮದ್,

ನಾ ನೋಡಕ್ಕೆ ಮುಂಚೆ ಮೇಸ್ತ್ರಿ ಕವರು ಒಡ್ದಿದ್ದ. ವರ್ಕ್‌ಶಾಪ್ ವಿಳಾಸಕ್ಕೆ ಕಳ್ಸುದ್ರೆ ಇನ್ನೇನು ಮಾಡ್ತಾನೆ?

ನಡತೆ: ತೃಪ್ತಿಕರವಲ್ಲ. ಕೆಂಪು ಮಸೀಲಿ. ಅದ್ರ ಹಿಂದೆ ಗುಂಡುಪಿನ್ನು ಆಕಿ ಇನ್ನೊಂದು ಹಾಳೆ. ಮೇಸ್ತ್ರಿ ಗಟ್ಟಿಯಾಗಿ ಓದ್ದ, ಹತ್ತು ಜನದ ಮುಂದೆ. "ಚಿಕ್ಕಮಾದು ಎಂಬುವನು ನಗುತ್ತಾ ಹಂಡೆಗೆ ಚೊಂಬು ಅದ್ದಿದನು. ಇವತ್ತು ನಿಮ್ಮೆಲ್ಲರ ಜಾತಿ ಕೆಡಿಸ್ತೀನಿ ನೋಡಿ ಎಂದು ಕೂಗಿದನು. ಇದನ್ನು ಕಣ್ಣಾರೆ ನೋಡಿದ್ದೇನೆ." ಕೆಳಗೆ ಸಹಿ. ನಜೀರ್ ಅಹ್ಮದ್ ಬಿನ್ ಬಾಬು ಜಾನ್.

ಮೇಸ್ತ್ರಿ ಹಾಳೆ ತಿರುಗ್ಸಿ "ಇವನೇ ಏನ್ಲಾ ನಿಂಗೆ ಕಾಗ್ದ ಬರ್ಯ ಸ್ನೇಯಿತ?" ಅಂದ. ಆಳುಗಳೆಲ್ಲ ನನ್ ಮೊಕ ನೋಡುದ್ರು. ನನ್ನ ಬೆತ್ತದಲ್ಲಿ ಬಡುದಾಗ್ಲೂ ಅಷ್ಟು ನಾಚ್ಕೆ ಆಗಿರ್ನಿಲ್ಲ.

ಮೂರ್ ತಿಂಗ್ಳು ನಾನು ಸಿದ್ದರಾಮುನ್ನ ಬೈತಿದ್ರೆ ನೀ ಓದ್ಕಂಡು ಸುಮ್ನಿದ್ದೆ. ಅವ್ನ ಕಪಾಳಕ್ಕೆ ಬಿಟ್ಟೆ, ಆಗ್ಲೂ ಸುಮ್ನಿದ್ದೆ. ಬಂದು ಬಡ್ಸು ಅಂದೆ. ತಪ್ಪೊಪ್ಗೆ ಬರಿ ಅಂದೆ. ನಾ ಅದ ಬರ್ದಿದ್ರೆ ನಿನ್ ಸುಳ್ಳು ನಿಜ ಆಗೋಗ್ತಿತ್ತು, ಅದಕ್ಕಲ್ವಾ ಒಕ್ಕಣೆ ನೀನೇ ಮಾಡಿದ್ದು? "ನಿನ್ನ ಒಳ್ಳೇದಕ್ಕೇ" ಅಂತೆ. ಥೂ.

ಅಳಕ್ಕೆ ಬರ್ದಿಲ್ಲ ಇದ. ಮಾರ್ಚ್ ಹನ್ನೊಂದಕ್ಕೆ ಇಂಜಿನಿಯರ್ ಸಾಹೇಬ್ರು ಹುಡುಗ್ರನ್ನ ಆರುಸ್ತಾರೆ. ಮೇಸ್ತ್ರಿ ಯೋಳವ್ನೆ: ಆ ಸಾಕ್ಷಿ ಬರ್ದೋನೇ "ನಾ ಬರ್ದಿದ್ದು ಸುಳ್ಳು, ನಡೆದಿದ್ದು ಇದು" ಅಂತ ಎಸ್ರಾಕಿ ಬರ್ಕೊಟ್ರೆ ಸಾಹೇಬ್ರ ಮುಂದೆ ಇಡ್ತೀನಿ ಅಂತ. ಸುಳ್ಳಿಗೆ ಸಹಿ ಆಕ್ದೋನು ನಿಜಕ್ಕೆ ಆಕು. ಅಷ್ಟೇ ನಂಗೆ ಬೇಕಾಗಿರದು.

ಚಿಕ್ಕಮಾದು


ಮಳವಳ್ಳಿ
16-2-1947

ಮಾದು,

ಮೂರು ಸಲ ಬರೆದು ಹರಿದು ಹಾಕ್ದೆ.

ಆಟದ ದಿನ ಸಾಯಂಕಾಲ ಹೆಡ್ಮಾಸ್ಟ್ರು ಕರೆಸಿದ್ರು. ಅಪ್ಪ ಕಲಾಯಿ ಮಾಡಿದ ಹಂಡೆ ಹೊತ್ಕೊಂಡು ಬಂದು ಬಾಗಿಲ ಹೊರಗೆ ನಿಂತಿದ್ರು. ಇಳಿಸು ಅಂತ ಯಾರೂ ಹೇಳಿರ್ಲಿಲ್ಲ, ಹಾಗಾಗಿ ಹೊತ್ಕೊಂಡೇ ನಿಂತಿದ್ರು. ಒಳಗೆ ಹೆಡ್ಮಾಸ್ಟ್ರು, "ನಿಮ್ಮಪ್ಪನ ಮೇಲೆ ಊರಿಗೆ ನಂಬಿಕೆ ಇದೆ. ನೀನೂ ನಂಬಿಕಸ್ತ ಅಂದ್ಕೊಂಡಿದ್ದೀನಿ. ನೋಡಿದ್ದನ್ನ ಬರಿ" ಅಂದ್ರು. ಬರೆದೆ. "ಇಷ್ಟೇನಾ? ಪಟೇಲರಿಗೆ ಇದು ಸಾಲದು" ಅಂದ್ರು. ಅಪ್ಪನ ಕುತ್ತಿಗೆ ನಡುಗ್ತಿದ್ದದ್ದು ಕಾಣ್ತಿತ್ತು. ನಗುತ್ತಾ ಅಂತ ಸೇರಿಸಿದೆ. ಆಮೇಲೆ ಜಾತಿ ಕೆಡಿಸ್ತೀನಿ ಅಂತ ಕೂಗಿದ ಅನ್ನೋದು. ಆ ಮಾತು ಹೆಡ್ಮಾಸ್ಟ್ರು ಹೇಳಿಕೊಟ್ಟಿದ್ದಲ್ಲ. ನನ್ನ ತಲೇಲೇ ಬಂತು. ಅದು ಹ್ಯಾಗೆ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಟೀಸಿಗೆ ಪಿನ್ನು ಹಾಕಿದ ನಕಲನ್ನೂ ನನ್ನ ಕೈಲೇ ಬರೆಸಿದ್ರು, ಕೈಬರಹ ಚೆನ್ನಾಗಿದೆ ಅಂತ.

ಸಹಭೋಜನಕ್ಕೆ ಊರ ಹುಡುಗರು ಮೂವತ್ತು ಜನ ಹೆಸರು ಕೊಟ್ಟಿದ್ರು. ಹಿಂದಿನ ದಿನ ಒಬ್ಬೊಬ್ಬರಾಗಿ ಬಂದು ಹೊಟ್ಟೆನೋವು ಅಂದ್ರು. ಮುಖಂಡರು ಬಂದು ಖಾಲಿ ಎಲೆ ನೋಡಿದ್ರೆ ಮಾತು ನನ್ನ ಮೇಲೆ ಬರುತ್ತೆ, ಸಾಬರ ಹುಡುಗ ಬೇಕಂತ್ಲೇ ಕೆಡಿಸಿದ ಅಂತ. ಈಗ ಊರಲ್ಲಿ ಗಾಳಿ ಹ್ಯಾಗಿದೆ ಅಂತ ನಿನಗೂ ಗೊತ್ತು. ನಿನ್ನೆ ಮೊನ್ನೆವರೆಗೆ ಹೆಸರು ಹಿಡಿದು ಕರೀತಿದ್ದವರು ಈಗ "ನಿಮ್ಮೋರು ಏನಂತಾರಪ್ಪ" ಅಂತ ಕೇಳ್ತಾರೆ.

ನಿನಗೆ ಬರೆದುಕೊಡ್ತೀನಿ ಮಾದು, ಆಣೆ. ಆದ್ರೆ ಮಾರ್ಚ್ ಹದಿನೇಳಕ್ಕೆ ಪರೀಕ್ಷೆ ಶುರು. ಈಗ ಕೊಟ್ರೆ ನಿಮ್ಮ ಸಾಹೇಬರು ಇಲ್ಲಿಗೆ ಬರೆದು ಕೇಳ್ತಾರೆ. ಹೆಡ್ಮಾಸ್ಟ್ರು ನನ್ನ ಪರೀಕ್ಷೆಗೆ ಕೂರಿಸೋದಿಲ್ಲ. ನಮ್ಮ ಬೀದೀಲಿ ಎಸ್ಸೆಲ್ಸಿವರೆಗೆ ಬಂದವನು ನಾನೊಬ್ಬನೇ. ಪರೀಕ್ಷೆ ಮುಗಿದ ಮಾರನೇ ದಿನ ನಾನೇ ಬ್ಲಫಿಗೆ ಬಂದು ಸಾಹೇಬರ ಮುಂದೆ ನಿಂತು ಹೇಳ್ತೀನಿ. ಹನ್ನೊಂದರ ಮೇಲೆ ಹದಿನೈದು ದಿನ ತಡೀರಿ ಅಂತ ಸಾಹೇಬರನ್ನ ಕೇಳ್ಕೋ.

ನಜೀರ್


ಬ್ಲಫ್
19-2-1947

ನಜೀರ್ ಅಹ್ಮದ್,

ನಿಮ್ಮಪ್ಪ ಅಂಡೆ ಹೊತ್ಕಂಡು ನಿಂತಿದ್ದು ಎರಡ್ ಸಲ ಓದ್ದೆ. ಅವ್ರ ಮ್ಯಾಲೆ ನಂಗೇನೂ ಇಲ್ಲ. ಆದ್ರೆ ಅವ್ರ ಕುತ್ಗೆ ಭಾರ ಇಳ್ಸಕ್ಕೆ ನನ್ ಕುತ್ಗೆ ಸಿಕ್ತೇನ್ಲಾ ನಿಂಗೆ?

ನಿಮ್ ಬೀದೀಲಿ ನೀನೊಬ್ನೇ ಅಂತೀಯ. ನಂ ಕೇರೀಲಿ ಐದ್ನೇ ಫಾರಮ್‌ಗಂಟ ಓದ್ದೋನು ನಾನೊಬ್ನೇ ಇದ್ದೆ. ನಂಗೋಸ್ಕರ ಯಾರ್ಲಾ "ಹದಿನೈದು ದಿನ ತಡೀರಿ" ಅಂದ್ರು?

ಆಯ್ಕೆ ಹನ್ನೊಂದಕ್ಕೆ. ಹದಿನೈದು ದಿನ ತಡ್ಯಕ್ಕೆ ಇಂಜಿನಿಯರ್ ಸಾಹೇಬ್ರು ನಿನ್ ಚಿಕ್ಕಪ್ಪನ ಮಗ ಅಲ್ಲ. ಹನ್ನೊಂದ್ರೊಳಗೆ ಕಾಗ್ದ ಬಂದ್ರೆ ಉಂಟು, ಇಲ್ದಿದ್ರೆ ಇಲ್ಲ. ಇನ್ ನಾ ಬರ್ಯಲ್ಲ.

ಚಿಕ್ಕಮಾದು


ಬ್ಲಫ್
12-3-1947

ನಜೀರ್ ಅಹ್ಮದ್ ಸಾಹೇಬ್ರಿಗೆ,

ಹತ್ತನೇ ತಾರೀಖು ನಿಮ್ ಕವರು ಬಂತು. ಜೊತೆಗೆ ಕಾಗ್ದ ಗೀಗ್ದ ಏನೂ ಇರ್ನಿಲ್ಲ. ನಾಕು ಪುಟ ಇತ್ತು. ಓಟ, ಸಿದ್ದರಾಮು ಬಿದ್ದಿದ್ದು, ಮರಿಯಯ್ಯ ಇಲ್ದಿದ್ದು, ನಾ ಓಡಿದ್ದು, ಸಾಕ್ಷಿ ಸುಳ್ಳು ಅನ್ನದು, ಎಲ್ಲಾ ಇತ್ತು. ಒಂದಕ್ಸರ ಆಚೀಚೆ ಇಲ್ಲ. ನಾನೇ ಬರ್ದಿದ್ರೂ ಅಷ್ಟು ಚೆಂದಾಗಿ ಬರೀತಿರ್ನಿಲ್ಲ. ನಾಕ್ನೇ ಪುಟದ ಕೆಳಗೆ ನೋಡ್ದೆ, ತಿರುಗ್ಸಿ ನೋಡ್ದೆ, ಕವರೊಳಗೆ ಕೈ ಆಕಿ ನೋಡ್ದೆ. ಸಹಿ ಇಲ್ಲ. ಅಕ್ಸರಾನೂ ಎಡಗೈಲಿ ಬರ್ದಂಗೆ ವಕ್ರ ಮಾಡಿದ್ದೀರಿ, ಪಾಪ, ನಾಕು ಪುಟಾನೂ. ಎಷ್ಟು ಕಷ್ಟ ಆಗಿರ್ಬೇಕು.

ನಿನ್ನೆ ಇಂಜಿನಿಯರ್ ಸಾಹೇಬ್ರ ಮುಂದೆ ನಿಂತೆ. ಟೀಸಿ ನೋಡುದ್ರು, ಆ ಸಾಕ್ಷಿ ನೋಡುದ್ರು, ಆಮ್ಯಾಕೆ ನಿಮ್ ನಾಕು ಪುಟಾನೂ ಕೂತು ಓದುದ್ರು. ಕನ್ನಡ್ಕ ತೆಗುದ್ರು. "ಇದು ನಿಜ ಅಂತ ಕಾಣ್ತದೆ ಕಣಯ್ಯ" ಅಂದ್ರು. "ಆದ್ರೆ ಇದನ್ನ ಬರೆದವ್ರು ಯಾರು? ಹೆಸರು ಹೇಳು. ನಾನು ಇವತ್ತೇ ಶಾಲೆಗೆ ಬರೆದು ಕೇಳ್ತೀನಿ. ನಿನ್ನ ಜಾಗ ಅಲ್ಲೀತಂಕ ಖಾಲಿ ಇಟ್ಟಿರ್ತೀನಿ" ಅಂದ್ರು.

ಮೇಸ್ತ್ರಿ ತಿಮ್ಮಯ್ಯ ಪಕ್ಕದಲ್ಲೇ ನಿಂತು ನನ್ ಕಾಲು ತುಳ್ದ, ಯೋಳು ಯೋಳು ಅಂತ. ಗೋಡೆ ಮ್ಯಾಲೆ ಕ್ಯಾಲೆಂಡರಿತ್ತು. ಹದಿನೇಳಕ್ಕೆ ಆರೇ ದಿನ.

"ಗೊತ್ತಿಲ್ಲ ಸ್ವಾಮಿ. ಅಂತೋರು ಯಾರೂ ನಂಗೆ ಪರಿಚಯ ಇಲ್ಲ" ಅಂದೆ.

ಆಚೆಗೆ ಬಂದ ಮ್ಯಾಲೆ ಮೇಸ್ತ್ರಿ ನನ್ನ ಉಗ್ದ ಉಗ್ತಕ್ಕೆ ಲೆಕ್ಕ ಇಲ್ಲ. "ಯಾರ್ನ ಉಳ್ಸಕ್ಕೋದೆ ಲೇ ಮುಂಡೇದೆ?" ಅಂದ. ಯಾರ್ನೂ ಉಳ್ಸಕ್ಕೋಗ್ಲಿಲ್ಲ. ನಿಮ್ ಮ್ಯಾಲೆ ಕನಿಕರ ಅಂತ ತಿಳ್ಕಬ್ಯಾಡಿ. ನೀವು ಬಂದು ಕೈ ಮುಗ್ಕಂಡು ನಿಲ್ಲದು ಬ್ಯಾಡ ಅಂತ ಅಷ್ಟೇ. ಪರೀಕ್ಸೆ ಮುಗುದ್ಮೇಲೆ ಬ್ಲಫಿಗೆ ಬತ್ತೀನಿ ಅಂತ ಬರ್ದಿದ್ರಿ. ಬರ್ಬ್ಯಾಡಿ. ಬಂದ್ರೆ ಟ್ರಾಲಿ ತಾವು ಇಳ್ಯಕ್ಕೆ ನಾ ಬುಡಲ್ಲ.

ಜಾಗ ಮದ್ದೂರಿನ ಹುಡುಗಂಗೋಯ್ತು. ನಾನು ಇವತ್ತು ಬೆಳಗ್ಗೆ ಗ್ರೀಸ್ ಡಬ್ಬ ಎತ್ಕಂಡೆ. ನಮ್ಮವ್ವಂಗೆ ಇನ್ನೂ ಯೋಳಿಲ್ಲ.

ನಿಮ್ ನಾಕು ಪುಟ ಇದ್ರಲ್ಲೇ ವಾಪಸ್ ಇಟ್ಟಿದ್ದೀನಿ. ಸೋಮವಾರ ಪರೀಕ್ಸೆ. ಅಲ್ಲಿ ಉತ್ತರದ ಪುಸ್ತಕದ ಮ್ಯಾಲೆ ಎಸ್ರು ಬರ್ಯಂಗಿಲ್ವಂತೆ, ನಂಬರ್ ಒಂದಿದ್ರೆ ಸಾಕಂತೆ. ನಿಮಗೆ ಸರಿಯಾಗದೆ.

ಚಿಕ್ಕಮಾದು ಬಿನ್ ಮುದ್ದಮ್ಮ